ಮಗುವಿನ ಕಾರ್ ಸೀಟ್: ಬೆಲ್ಟ್ ಎಲ್ಲಿರಬೇಕು, ಎಷ್ಟು ಬಿಗಿ ಇರಬೇಕು?

ಯಾವ ಕಾರ್ ಸೀಟ್ ತಗೊಳ್ಳಲಿ ಅಂತ ಕೇಳುವವರು ಈಗ ಕಡಿಮೆ. ಸೀಟ್ ಮನೆಗೆ ಬಂದ ಮೇಲಿನ ಪ್ರಶ್ನೆಗಳೇ ಜಾಸ್ತಿ. "ಬೆನ್ನಿನ ಕಡೆ ಮೂರು ಜೊತೆ ತೂತು ಇವೆ, ಯಾವುದರಿಂದ ಬೆಲ್ಟ್ ತೆಗೆಯಬೇಕು?" "ಎಷ್ಟು ಬಿಗಿ ಮಾಡಬೇಕು?" "ಬಿಗಿ ಮಾಡಿದರೆ ಅಳುತ್ತೆ, ಸ್ವಲ್ಪ ಸಡಿಲ ಬಿಟ್ಟರೆ ಏನು ತೊಂದರೆ?" ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆಯುತ್ತಿದ್ದೇನೆ. ಪಕ್ಕದಲ್ಲಿ ನಿಮ್ಮ ಸೀಟ್ ಇಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.

ಮೂರನೇ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಸಡಿಲ ಬಿಡಬೇಡಿ. 8 ಸಾವಿರದ ಸೀಟಾಗಲಿ 40 ಸಾವಿರದ್ದಾಗಲಿ, ಬೆಲ್ಟ್ ಸಡಿಲ ಇದ್ದರೆ ಕೊಟ್ಟ ದುಡ್ಡು ಮಗುವನ್ನು ಕಾಯುವುದಿಲ್ಲ. ಕಾರು ಗಂಟೆಗೆ 40 ಕಿಮೀ ವೇಗದಲ್ಲಿ ಹೋಗಿ ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಆ ಹೊತ್ತಿಗೆ 10 ಕೆಜಿ ಮಗುವನ್ನು ತಡೆದು ಹಿಡಿಯಲು ಹೆಚ್ಚುಕಡಿಮೆ 110 ಕೆಜಿ ಭಾರ ಎತ್ತುವಷ್ಟು ಬಲ ಬೇಕು. ಯಾವ ಅಮ್ಮನ ಕೈಗೂ, ಅಜ್ಜಿಯ ತೊಡೆಗೂ ಅದು ಸಾಧ್ಯವಿಲ್ಲ. ಬೆಲ್ಟ್‌ಗೆ ಸಾಧ್ಯ, ಆದರೆ ಅದು ಮಗುವಿನ ಮೈಗೆ ಅಂಟಿಕೊಂಡಿದ್ದರೆ ಮಾತ್ರ. ನಡುವೆ ಜಾಗ ಇದ್ದರೆ ಮಗು ಮೊದಲು ಆ ಜಾಗದಷ್ಟು ಮುಂದಕ್ಕೆ ಚಿಮ್ಮಿ, ಆಮೇಲೆ ಬೆಲ್ಟ್‌ಗೆ ಬಡಿಯುತ್ತದೆ.

ಕಾನೂನಿನ ಬಗ್ಗೆಯೂ ಕೇಳುತ್ತಿರುತ್ತೀರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ 194ಬಿ ಸೆಕ್ಷನ್ ಪ್ರಕಾರ, 14 ವರ್ಷದೊಳಗಿನ ಮಕ್ಕಳನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕೂರಿಸಿಕೊಂಡು ಹೋದರೆ 1000 ರೂಪಾಯಿ ದಂಡ. ಆದರೆ ದಂಡಕ್ಕಿಂತ ದೊಡ್ಡ ಲೆಕ್ಕ ಬೇರೆ ಇದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಹೇಳುವಂತೆ, ಕಾರ್ ಸೀಟ್ ಬಳಸಿದರೆ ಅಪಘಾತದಲ್ಲಿ ಒಂದು ವರ್ಷದೊಳಗಿನ ಮಕ್ಕಳ ಸಾವಿನ ಅಪಾಯ ಶೇ 71ರಷ್ಟು, 1ರಿಂದ 4 ವರ್ಷದ ಮಕ್ಕಳಲ್ಲಿ ಶೇ 54ರಷ್ಟು ತಗ್ಗುತ್ತದೆ.

ಮೊದಲು ಭಾಗಗಳ ಪರಿಚಯ

ಮಗುವನ್ನು ಸೀಟಿಗೆ ಕಟ್ಟುವ ಬೆಲ್ಟ್‌ಗಳ ಜೋಡಣೆಗೆ ಹಾರ್ನೆಸ್ ಅಂತ ಹೆಸರು. ಐದು ಕಡೆ ಹಿಡಿಯುವುದರಿಂದ ಡಬ್ಬದ ಮೇಲೆ ಫೈವ್ ಪಾಯಿಂಟ್ ಹಾರ್ನೆಸ್ ಅಂತ ಬರೆದಿರುತ್ತಾರೆ. ಎರಡು ಭುಜ, ಸೊಂಟದ ಎರಡು ಬದಿ, ಕಾಲುಗಳ ಮಧ್ಯೆ ಒಂದು. ಎಲ್ಲ ಬಂದು ಸೇರುವ, ಕೆಂಪು ಗುಂಡಿ ಇರುವ ಭಾಗವೇ ಬಕಲ್. ಭುಜದ ಪಟ್ಟಿಗಳು ಬೆನ್ನಿನ ಭಾಗದಿಂದ ಹೊರಬರುವ ಸೀಳುಗಳಿಗೆ ಸ್ಲಾಟ್ ಅನ್ನುತ್ತಾರೆ. ಸೀಟಿನ ಮುಂದುಗಡೆ, ಮಗುವಿನ ಕಾಲಿನ ಹತ್ತಿರ ಒಂದೇ ಒಂದು ಪಟ್ಟಿ ಹೊರಗೆ ಬಂದಿರುತ್ತದಲ್ಲ, ಅದನ್ನು ಎಳೆದರೆ ಹಾರ್ನೆಸ್ ಬಿಗಿಯಾಗುತ್ತದೆ. ಅದರ ಮೇಲಿರುವ ಗುಂಡಿ ಒತ್ತಿಕೊಂಡು ಭುಜದ ಪಟ್ಟಿಗಳನ್ನು ನಿಮ್ಮ ಕಡೆ ಎಳೆದರೆ ಸಡಿಲವಾಗುತ್ತದೆ. ಕೆಲವು ಸೀಟುಗಳಲ್ಲಿ ಎರಡು ಭುಜದ ಪಟ್ಟಿಗಳನ್ನು ಎದೆಯ ಮೇಲೆ ಜೋಡಿಸುವ ಪ್ಲಾಸ್ಟಿಕ್ ಕ್ಲಿಪ್ ಇರುತ್ತದೆ. ಅದರ ಕಥೆ ಮುಂದೆ ಹೇಳುತ್ತೇನೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು: ಸೀಟಿನ ಜೊತೆ ಬಂದ ಪುಸ್ತಕ, ಮಗುವಿನ ಈಗಿನ ತೂಕ ಮತ್ತು ಎತ್ತರ, ಒಂದು ಸ್ಕೇಲು, ಫೋನು. ಪುಸ್ತಕ ಕಳೆದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಮಾದರಿಯ ಹೆಸರು ಹಾಕಿ ಹುಡುಕಿ. ಮೊದಲ ಸಲ ಹೊಂದಿಸುವ ಕೆಲಸವನ್ನು ಮನೆಯೊಳಗೆ, ನೆಲದ ಮೇಲೆ ಕೂತು ಮಾಡಿ. ಎಲ್ಲಿಗೋ ಹೊರಡುವ ಗಡಿಬಿಡಿಯಲ್ಲಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಗ್ಗಿಕೊಂಡು ಮಾಡುವ ಕೆಲಸ ಇದಲ್ಲ.

1. ಸೀಟಿನ ಲೇಬಲ್ ಓದಿ, ಮುಖ ಯಾವ ಕಡೆ ಅಂತ ತೀರ್ಮಾನಿಸಿ

ಸೀಟಿನ ಹಿಂದೆ ಅಥವಾ ಬದಿಯಲ್ಲಿ ಕಿತ್ತಳೆ ಬಣ್ಣದ ಸ್ಟಿಕ್ಕರ್ ಇರುತ್ತದೆ. ನಮ್ಮಲ್ಲಿ ಸಿಗುವ ಬಹಳಷ್ಟು ಸೀಟುಗಳು ಯುರೋಪಿನ ನಿಯಮದವು. ಅದರ ಮೇಲೆ ಇಸಿಇ ಆರ್44 ಅಂತ ಇದ್ದರೆ ಮಿತಿಯನ್ನು ತೂಕದ ಲೆಕ್ಕದಲ್ಲಿ ಕೊಟ್ಟಿರುತ್ತಾರೆ, ಉದಾಹರಣೆಗೆ 0ರಿಂದ 13 ಕೆಜಿ, 9ರಿಂದ 18 ಕೆಜಿ. ಆರ್129 ಅಂತ ಇದ್ದರೆ ಎತ್ತರದ ಲೆಕ್ಕ, ಅಂದರೆ ಸೆಂಟಿಮೀಟರ್‌ನಲ್ಲಿ, ಜೊತೆಗೆ ತೂಕದ ಮಿತಿಯೂ ಇರುತ್ತದೆ. ಭಾರತದ್ದೇ ಆದ ಮಾನದಂಡದ ಹೆಸರು ಎಐಎಸ್-072. ಇಂಥ ಯಾವ ಗುರುತೂ ಇಲ್ಲದ, ನಾಲ್ಕು ಪಟ್ಟಿ ಹೊಲಿದ ಬಟ್ಟೆಯ ದಿಂಬನ್ನು ಕಾರ್ ಸೀಟ್ ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಅದನ್ನು ತಗೊಂಡಿದ್ದರೆ ದಯವಿಟ್ಟು ಬಳಸಬೇಡಿ. ಈ ಲೇಖನದ ಯಾವ ಹಂತವೂ ಅದನ್ನು ಸರಿಮಾಡಲಾರದು.

ಈಗ ದಿಕ್ಕು. ಮಗುವಿನ ಮುಖ ಕಾರಿನ ಹಿಂಬದಿಗೆ ತಿರುಗಿರುವುದು ಒಂದು ಬಗೆ, ಮುಂದೆ ರಸ್ತೆ ನೋಡುತ್ತ ಕೂರುವುದು ಇನ್ನೊಂದು. ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ ಜಾಸ್ತಿ, ಕುತ್ತಿಗೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮುಖ ಹಿಂದಕ್ಕಿದ್ದರೆ ಎದುರಿನಿಂದ ಗುದ್ದಿದಾಗ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿನೊಳಕ್ಕೆ ಒತ್ತುತ್ತವೆ. ಆರ್129 ಪ್ರಕಾರ 15 ತಿಂಗಳು ತುಂಬುವ ತನಕ ಮುಖ ಹಿಂದಕ್ಕೇ ಇರಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೀಟಿನ ತೂಕ ಅಥವಾ ಎತ್ತರದ ಮಿತಿ ಮುಟ್ಟುವ ತನಕ ಹಿಂದಕ್ಕೇ ಕೂರಿಸಿ ಅನ್ನುತ್ತದೆ. ನಾನು ಹೇಳುವುದೂ ಅದನ್ನೇ. ಕಾಲು ಮಡಚಿಕೊಳ್ಳುತ್ತೆ ಪಾಪ ಅಂತ ಬೇಗ ತಿರುಗಿಸುವವರು ತುಂಬಾ ಜನ. ಮಕ್ಕಳು ಚಕ್ಕಂಬಕ್ಕಳ ಹಾಕಿಕೊಂಡು ಆರಾಮವಾಗಿ ಕೂರುತ್ತಾರೆ, ಅದಕ್ಕಾಗಿ ತಿರುಗಿಸುವ ಅಗತ್ಯವಿಲ್ಲ.

ಎಚ್ಚರಿಕೆ: ಹಿಂದಕ್ಕೆ ಮುಖ ಮಾಡಿದ ಸೀಟನ್ನು, ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಯಾವತ್ತೂ ಇಡಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ರಭಸ ನೇರ ಮಗುವಿನ ತಲೆಯ ಹಿಂಬದಿಗೇ ಬಡಿಯುತ್ತದೆ.

2. ಸೀಟು ಕಾರಿಗೆ ಗಟ್ಟಿಯಾಗಿ ಕೂತಿದೆಯಾ ನೋಡಿ

ಇದೇ ಒಂದು ಪೂರ್ತಿ ಲೇಖನದ ವಿಷಯ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಬೆಲ್ಟ್ ಅಥವಾ ಐಸೋಫಿಕ್ಸ್ ಕೊಂಡಿ ಹಾದುಹೋಗುವ ಜಾಗದಲ್ಲಿ ಸೀಟನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ಅಲುಗಿಸಿ. 2.5 ಸೆಂಟಿಮೀಟರ್‌ಗಿಂತ ಜಾಸ್ತಿ ಅಲುಗಬಾರದು. ಐಸೋಫಿಕ್ಸ್ ಅಂದರೆ ಕಾರಿನ ಹಿಂದಿನ ಸೀಟಿನಲ್ಲಿ, ಕೂರುವ ಭಾಗ ಮತ್ತು ಒರಗುವ ಭಾಗ ಸೇರುವ ಸಂದಿಯಲ್ಲಿರುವ ಕಬ್ಬಿಣದ ಕೊಂಡಿಗಳು. ನಮ್ಮಲ್ಲಿ ಹೊಸ ಕಾರು ಬಂದ ವಾರದಲ್ಲೇ ದಪ್ಪ ಸೀಟ್ ಕವರ್ ಹಾಕಿಸುತ್ತಾರೆ, ಆ ಕೊಂಡಿಗಳು ಮತ್ತು ಬೆಲ್ಟಿನ ಬಕಲ್‌ಗಳು ಅದರಡಿ ಮುಚ್ಚಿಹೋಗುತ್ತವೆ. ಕವರ್ ಎತ್ತಿ ಹುಡುಕಿ. ಮುಂದಕ್ಕೆ ಮುಖ ಮಾಡಿದ ಸೀಟಿಗೆ ಮೇಲಿಂದ ಹಿಂದಕ್ಕೆ ಕಟ್ಟುವ ಟಾಪ್ ಟೆದರ್ ಪಟ್ಟಿ ಕೊಟ್ಟಿದ್ದರೆ ಅದನ್ನೂ ಕಟ್ಟಲೇಬೇಕು, ಮಗುವಿನ ತಲೆ ಮುಂದಕ್ಕೆ ಹೋಗುವ ದೂರವನ್ನು ಅದು ಕಡಿಮೆ ಮಾಡುತ್ತದೆ.

3. ಭುಜದ ಪಟ್ಟಿಯ ಎತ್ತರ ಹೊಂದಿಸಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ನಿಯಮ ಎರಡೇ ಸಾಲು:

ಮುಖ ಹಿಂದಕ್ಕಿದ್ದರೆ, ಪಟ್ಟಿ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ತುಸು ಕೆಳಗಿನಿಂದ ಹೊರಬರಬೇಕು.

ಮುಖ ಮುಂದಕ್ಕಿದ್ದರೆ, ಪಟ್ಟಿ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ತುಸು ಮೇಲಿನಿಂದ ಹೊರಬರಬೇಕು.

ಯಾಕೆ ಉಲ್ಟಾ ಅಂತ ಎಲ್ಲರೂ ಕೇಳುತ್ತಾರೆ. ಕಾರಣ ಗೊತ್ತಿದ್ದರೆ ನಿಯಮ ಮರೆಯುವುದಿಲ್ಲ. ಹಿಂದಕ್ಕೆ ಮುಖ ಮಾಡಿ ಒರಗಿರುವ ಮಗು, ಗುದ್ದಿದಾಗ ಸೀಟಿನ ಬೆನ್ನಿನ ಮೇಲೇ ತಲೆಯ ಕಡೆಗೆ, ಅಂದರೆ ಮೇಲಕ್ಕೆ ಜಾರುತ್ತದೆ. ಪಟ್ಟಿ ಭುಜಕ್ಕಿಂತ ಕೆಳಗಿನಿಂದ ಬಂದಿದ್ದರೆ ಭುಜವನ್ನು ಕೆಳಕ್ಕೆ ಹಿಡಿದಿಟ್ಟು ಆ ಜಾರುವಿಕೆಯನ್ನು ತಡೆಯುತ್ತದೆ. ಮೇಲಿನಿಂದ ಬಂದಿದ್ದರೆ, ಪಟ್ಟಿ ಹಿಡಿಯುವಷ್ಟರಲ್ಲಿ ಮಗು ಆಗಲೇ ಜಾರಿ ಮೇಲೆ ಹೋಗಿರುತ್ತದೆ. ಮುಂದಕ್ಕೆ ಮುಖ ಮಾಡಿದ ಮಗುವಿನ ಮೈ ನೇರ ಮುಂದಕ್ಕೆ ಹೋಗುತ್ತದೆ. ಪಟ್ಟಿ ಮೇಲಿನಿಂದ ಬಂದಿದ್ದರೆ ಭುಜವನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಕೆಳಗಿನಿಂದ ಬಂದಿದ್ದರೆ ಭುಜದ ಮೇಲೆ ಹಾದು ಕೆಳಕ್ಕೆ ಎಳೆಯುತ್ತದೆ, ಆ ಒತ್ತಡವೆಲ್ಲ ಬೆನ್ನುಮೂಳೆಯ ಮೇಲೆ ಬೀಳುತ್ತದೆ.

ಅಳೆಯುವುದು ಹೀಗೆ. ಮಗುವನ್ನು ಸೀಟಿನಲ್ಲಿ ಕೂರಿಸಿ. ಕುಂಡೆ ಮತ್ತು ಬೆನ್ನು ಎರಡೂ ಸೀಟಿಗೆ ತಾಗಿರಲಿ. ಸ್ಕೇಲನ್ನು ಭುಜದ ಮೇಲೆ ಅಡ್ಡ ಇಟ್ಟು ಸೀಟಿನ ಬೆನ್ನಿಗೆ ತಾಗಿಸಿ, ಅದು ಯಾವ ಸ್ಲಾಟಿನ ಹತ್ತಿರ ಬಂತು ನೋಡಿ. ಭುಜ ಎರಡು ಸ್ಲಾಟಿನ ಮಧ್ಯೆ ಬಂದರೆ, ಮುಖ ಹಿಂದಕ್ಕಿರುವ ಮಗುವಿಗೆ ಕೆಳಗಿನದ್ದು, ಮುಂದಕ್ಕಿರುವ ಮಗುವಿಗೆ ಮೇಲಿನದ್ದು. ಬರಿಗಣ್ಣಲ್ಲಿ ಅಂದಾಜು ಮಾಡಬೇಡಿ, ಭುಜದ ಪ್ಯಾಡು ಸ್ಲಾಟನ್ನು ಮುಚ್ಚಿರುತ್ತದೆ, ಅಂದಾಜು ತಪ್ಪುತ್ತದೆ. ಕೆಲವು ಯುರೋಪಿಯನ್ ಸೀಟುಗಳ ಪುಸ್ತಕದಲ್ಲಿ ಇದಕ್ಕಿಂತ ಸ್ವಲ್ಪ ಬೇರೆ ಅಳತೆ ಕೊಟ್ಟಿರಬಹುದು. ಹಾಗಿದ್ದರೆ ನಿಮ್ಮ ಸೀಟಿನ ಪುಸ್ತಕ ಹೇಳಿದ್ದೇ ಸರಿ, ಆ ಸೀಟನ್ನು ಆ ಅಳತೆಯಲ್ಲೇ ಗುದ್ದಿಸಿ ಪರೀಕ್ಷೆ ಮಾಡಿರುತ್ತಾರೆ.

ತಲೆಯ ದಿಂಬನ್ನು ಮೇಲೆ ಕೆಳಗೆ ಮಾಡಿದರೆ ಪಟ್ಟಿಗಳೂ ಜೊತೆಗೆ ಚಲಿಸುವ ಸೀಟಾದರೆ ನಿಮ್ಮ ಕೆಲಸ ಇಷ್ಟೇ. ಪಟ್ಟಿ ಬಿಚ್ಚಿ ಬೇರೆ ಸ್ಲಾಟಿಗೆ ಪೋಣಿಸಬೇಕಾದ ಸೀಟಾದರೆ ಹೀಗೆ ಮಾಡಿ:

ಮೊದಲು ಹಾರ್ನೆಸ್ಸನ್ನು ಪೂರ್ತಿ ಸಡಿಲ ಮಾಡಿ. ಸೀಟನ್ನು ತಿರುಗಿಸಿ ಹಿಂಬದಿಯ ಫೋಟೋ ತೆಗೆಯಿರಿ, ಎರಡು ಕೋನದಿಂದ. ಅಲ್ಲಿ ಎರಡು ಭುಜದ ಪಟ್ಟಿಗಳ ತುದಿ ಒಂದು ಲೋಹದ ಪ್ಲೇಟಿನ ಎರಡು ಕೊಕ್ಕೆಗೆ ಸಿಕ್ಕಿರುತ್ತದೆ. ಅದರಿಂದ ಬಿಡಿಸಿ ಪಟ್ಟಿಯನ್ನು ಮುಂದಕ್ಕೆ ಎಳೆದುಕೊಳ್ಳಿ. ಈಗ ಬಟ್ಟೆಯ ಕವರ್, ಒಳಗಿನ ಫೋಮ್, ಹಿಂದಿನ ಪ್ಲಾಸ್ಟಿಕ್, ಮೂರರಲ್ಲೂ ಒಂದೇ ಮಟ್ಟದ ಸ್ಲಾಟಿನಿಂದ ಪಟ್ಟಿಯನ್ನು ಹಾಯಿಸಿ. ಕವರಿನಲ್ಲಿ ಮೇಲಿನ ಸ್ಲಾಟು, ಪ್ಲಾಸ್ಟಿಕ್‌ನಲ್ಲಿ ಕೆಳಗಿನದ್ದು ಆಗುವುದು ತುಂಬಾ ಸಾಮಾನ್ಯ ತಪ್ಪು. ಮುಂದೆ ನೋಡಿದರೆ ಸರಿಯಾಗಿಯೇ ಕಾಣುತ್ತದೆ, ಹಿಂದೆ ತಿರುಗಿಸಿ ನೋಡಿದಾಗಲೇ ಗೊತ್ತಾಗುವುದು. ಕೊನೆಗೆ ಪಟ್ಟಿಯ ತುದಿಯ ಕುಣಿಕೆಯನ್ನು ಲೋಹದ ಪ್ಲೇಟಿನ ಕೊಕ್ಕೆಯೊಳಗೆ ಪೂರ್ತಿ ತೂರಿಸಿ. ಅರ್ಧ ಸಿಕ್ಕಿಸಿ ಬಿಟ್ಟರೆ ಎಳೆತಕ್ಕೆ ಕಳಚಿಕೊಳ್ಳುತ್ತದೆ. ತೆಗೆದ ಫೋಟೋ ಜೊತೆ ಹೋಲಿಸಿ, ಎರಡೂ ಪಟ್ಟಿ ಒಂದೇ ಎತ್ತರದಲ್ಲಿವೆಯಾ, ಎಲ್ಲೂ ತಿರುಚಿಲ್ಲವಾ ನೋಡಿ, ಮುಂದಿನಿಂದ ಎರಡನ್ನೂ ಜೋರಾಗಿ ಎಳೆದು ಪರೀಕ್ಷಿಸಿ.

4. ಕಾಲ ಮಧ್ಯದ ಪಟ್ಟಿ ಮತ್ತು ಒಳದಿಂಬು

ಕಾಲ ಮಧ್ಯದ ಪಟ್ಟಿಗೂ ಕೆಲವು ಸೀಟುಗಳಲ್ಲಿ ಎರಡು ಮೂರು ಸ್ಲಾಟ್ ಇರುತ್ತವೆ. ಮಗುವಿಗೆ ಹತ್ತಿರವಾದದ್ದು, ಆದರೆ ಮಗು ಅದರ ಮೇಲೆ ಕೂರದಂಥದ್ದು ಆರಿಸಿ. ತುಂಬಾ ಮುಂದೆ ಇದ್ದರೆ ಗುದ್ದಿದಾಗ ಮಗು ಕೆಳಗಿಂದ ಮುಂದಕ್ಕೆ ಜಾರಲು ಜಾಗ ಸಿಗುತ್ತದೆ.

ಹಸುಗೂಸಿಗೆ ಅಂತ ಸೀಟಿನ ಜೊತೆಗೇ ಕೊಟ್ಟ ಒಳದಿಂಬನ್ನು ಪುಸ್ತಕ ಹೇಳಿದ ತೂಕದ ತನಕ ಬಳಸಿ, ಆಮೇಲೆ ತೆಗೆದುಬಿಡಿ. ಬೇರೆ ಕಡೆಯಿಂದ ಕೊಂಡ ಕುತ್ತಿಗೆ ದಿಂಬು, ಬೆನ್ನಿನ ಹಿಂದೆ ಮಡಚಿಟ್ಟ ಟವೆಲ್, ಬೆಲ್ಟಿಗೆ ಸುತ್ತುವ ಕಾರ್ಟೂನ್ ಪ್ಯಾಡು, ಇವು ಯಾವುವೂ ಬೇಡ. ನೋಡಲು ಮೆತ್ತಗೆ, ಆದರೆ ಗುದ್ದಿದಾಗ ಅಪ್ಪಚ್ಚಿಯಾಗಿ ಅಷ್ಟೂ ದಪ್ಪ ಸಡಿಲವಾಗಿ ಬಿಡುತ್ತದೆ.

5. ಬಟ್ಟೆ ನೋಡಿ, ಆಮೇಲೆ ಕೂರಿಸಿ

ಬೆಲ್ಟ್ ಮತ್ತು ಮೈ ಮಧ್ಯೆ ದಪ್ಪ ಏನೂ ಇರಬಾರದು. ಅಮೆರಿಕ, ಕೆನಡಾದಲ್ಲಿರುವ ನಮ್ಮವರಿಗೆ ಚಳಿಗಾಲದ ಉಬ್ಬಿದ ಜಾಕೆಟ್ ಬಗ್ಗೆ ಅಲ್ಲಿಯ ಆಸ್ಪತ್ರೆಯವರೇ ಹೇಳಿರುತ್ತಾರೆ. ನಮ್ಮಲ್ಲಿ ಮಡಿಕೇರಿ, ಚಿಕ್ಕಮಗಳೂರು ಕಡೆ ಹೊರಟಾಗ ಹಾಕುವ ಎರಡು ಸ್ವೆಟರ್, ಬೆಚ್ಚಗಿರಲಿ ಅಂತ ಅಜ್ಜಿ ಸುತ್ತಿಕೊಟ್ಟ ದುಪ್ಪಟಿ, ಮದುವೆಗೆ ಹೋಗುವಾಗಿನ ಜರಿ ಲಂಗ, ಮೆಶ್ ಬಟ್ಟೆ ಉಬ್ಬಿಕೊಂಡಿರುವ ಬರ್ತ್‌ಡೇ ಫ್ರಾಕು, ಇವೆಲ್ಲ ಅದೇ ಕೆಲಸ ಮಾಡುತ್ತವೆ.

ನಂಬಿಕೆ ಬರಲಿಲ್ಲ ಅಂದರೆ ಮನೆಯಲ್ಲೇ ಮಾಡಿ ನೋಡಿ. ಸ್ವೆಟರ್ ಹಾಕಿದ ಮಗುವನ್ನು ಕೂರಿಸಿ ಬೆಲ್ಟ್ ಸರಿಯಾಗಿ ಬಿಗಿ ಮಾಡಿ. ಈಗ ಬಿಗಿತ ಬದಲಿಸದೆ ಬಕಲ್ ಮಾತ್ರ ಬಿಚ್ಚಿ, ಸ್ವೆಟರ್ ತೆಗೆದು, ಮತ್ತೆ ಅದೇ ಬೆಲ್ಟ್ ಹಾಕಿ. ಎದೆಗೂ ಪಟ್ಟಿಗೂ ಮಧ್ಯೆ ಎಷ್ಟು ಜಾಗ ಉಳಿಯಿತೋ ಅಷ್ಟೂ ಅಪಘಾತದ ಹೊತ್ತಲ್ಲಿ ಸಡಿಲವೇ.

ಚಳಿ ಇದ್ದರೆ ತೆಳ್ಳಗಿನ ಬಟ್ಟೆ ಹಾಕಿ ಬೆಲ್ಟ್ ಬಿಗಿ ಮಾಡಿ, ಅದರ ಮೇಲೆ ಹೊದಿಕೆ ಹೊದಿಸಿ, ಮುಖ ಮುಚ್ಚದ ಹಾಗೆ. ಜರಿ ಲಂಗ, ಒಡವೆ ಎಲ್ಲ ಛತ್ರದ ಹತ್ತಿರ ಹೋಗಿ ಹಾಕಿಕೊಳ್ಳಬಹುದು. ಬೆಳ್ಳಿ ಉಡಿದಾರ ಕಟ್ಟಿದ್ದರೆ ಅದರ ಗೆಜ್ಜೆಯೋ ತಾಯಿತವೋ ಸೊಂಟದ ಪಟ್ಟಿಯ ಅಡಿ ಸಿಕ್ಕಿಲ್ಲವಾ ನೋಡಿ, ಬಿಗಿ ಮಾಡಿದ ತಕ್ಷಣ ಮಗು ಕಿರುಚಿಕೊಳ್ಳುವುದಕ್ಕೆ ಕೆಲವೊಮ್ಮೆ ಅದೇ ಕಾರಣ. ಹಿಂದೆ ಗಂಟು ಕಟ್ಟಿದ ಜುಟ್ಟು, ದೊಡ್ಡ ಕ್ಲಿಪ್ಪು ಇದ್ದರೆ ತಲೆ ಮುಂದಕ್ಕೆ ತಳ್ಳಿದಂತಾಗುತ್ತದೆ, ಬಿಚ್ಚಿ ಪಕ್ಕಕ್ಕೆ ಕಟ್ಟಿ.

ಕೂರಿಸುವ ಮೊದಲು ಪಟ್ಟಿಗಳನ್ನು ಪೂರ್ತಿ ಸಡಿಲ ಮಾಡಿ ಸೀಟಿನ ಎರಡೂ ಬದಿಗೆ ಸರಿಸಿಡಿ, ಇಲ್ಲದಿದ್ದರೆ ಮಗು ಅದರ ಮೇಲೇ ಕೂರುತ್ತದೆ, ನೀವು ಕೆಳಗೆ ಕೈ ಹಾಕಿ ತಡಕಾಡಬೇಕಾಗುತ್ತದೆ. ಕುಂಡೆ ಸೀಟಿನ ಮೂಲೆಗೆ ಒತ್ತಿ ಕೂರಲಿ. ಅರ್ಧ ಮಲಗಿದ ಹಾಗೆ ಜಾರಿ ಕೂತ ಮಗುವಿಗೆ ಬೆಲ್ಟ್ ಬಿಗಿ ಮಾಡಿದರೆ, ಎರಡು ಹಂಪ್ ದಾಟುವಷ್ಟರಲ್ಲಿ ಎಲ್ಲ ಸಡಿಲ.

6. ಬಕಲ್ ಹಾಕಿ, ಸೊಂಟದಿಂದ ಶುರುಮಾಡಿ ಬಿಗಿ ಮಾಡಿ

ಎರಡೂ ಕೈ ಪಟ್ಟಿಯೊಳಗೆ ಬರಲಿ. ಪಟ್ಟಿಗಳಲ್ಲಿರುವ ಎರಡು ನಾಲಿಗೆಗಳನ್ನು, ಅಂದರೆ ಬಕಲ್‌ಗೆ ಸಿಕ್ಕಿಸುವ ತುಂಡುಗಳನ್ನು, ಬಕಲ್‌ನೊಳಗೆ ಒತ್ತಿ, ಕ್ಲಿಕ್ ಅನ್ನಬೇಕು. ಕೆಲವು ಸೀಟುಗಳಲ್ಲಿ ಎರಡು ನಾಲಿಗೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡೇ ಒಳಗೆ ಹಾಕಬೇಕು, ಒಂದೊಂದಾಗಿ ಹೋಗುವುದಿಲ್ಲ. ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ.

ಈಗ ಬಿಗಿ ಮಾಡುವ ಕ್ರಮ. ಹೆಚ್ಚಿನವರು ನೇರವಾಗಿ ಮುಂದಿನ ಪಟ್ಟಿಯನ್ನು ಎಳೆದುಬಿಡುತ್ತಾರೆ. ಭುಜದ ಹತ್ತಿರ ಬಿಗಿಯಾಗುತ್ತದೆ, ಸೊಂಟದ ಹತ್ತಿರ ಸಡಿಲ ಹಾಗೇ ಉಳಿಯುತ್ತದೆ. ಮೊದಲು ಸೊಂಟದ ಪಟ್ಟಿಗಳು ಕೆಳಗೆ, ತೊಡೆ ಶುರುವಾಗುವ ಜಾಗದಲ್ಲಿ ಮೂಳೆಯ ಮೇಲೆ ಕೂತಿವೆಯಾ ನೋಡಿ. ಹೊಟ್ಟೆಯ ಮೇಲೆ ಇರಲೇಬಾರದು, ಹೊಟ್ಟೆಯಲ್ಲಿ ಒತ್ತಡ ತಡೆಯುವ ಮೂಳೆ ಇಲ್ಲ. ಆಮೇಲೆ ಬಕಲ್‌ನ ಮೇಲೆ ಎರಡೂ ಬದಿಯ ಪಟ್ಟಿಯನ್ನು ಹಿಡಿದು ಭುಜದ ಕಡೆಗೆ ಎಳೆಯಿರಿ, ಸೊಂಟದ ಸಡಿಲವೆಲ್ಲ ಮೇಲೆ ಬರುತ್ತದೆ. ಆಮೇಲೆ ಮುಂದಿನ ಪಟ್ಟಿ ಎಳೆಯಿರಿ. ಮೇಲಕ್ಕೆ ಎತ್ತಿ ಎಳೆಯಬೇಡಿ, ನೇರ ನಿಮ್ಮ ಕಡೆಗೆ ಎಳೆದರೆ ಸಲೀಸಾಗಿ ಬರುತ್ತದೆ. ಒಂದು ಕೈಯಲ್ಲಿ ಎಳೆಯುವಾಗ ಇನ್ನೊಂದು ಕೈಯಲ್ಲಿ ಭುಜದ ಪಟ್ಟಿಯನ್ನು ಸ್ಲಾಟಿನ ಕಡೆಗೆ ತಳ್ಳುತ್ತಿದ್ದರೆ ಇನ್ನೂ ಸುಲಭ.

7. ಚಿವುಟಿ ನೋಡಿ

ಎಷ್ಟು ಬಿಗಿ ಅನ್ನುವ ಪ್ರಶ್ನೆಗೆ ಉತ್ತರ ಈ ಪರೀಕ್ಷೆ. ಕುತ್ತಿಗೆಯ ಕೆಳಗೆ ಅಡ್ಡಕ್ಕೆ ಕೈಗೆ ಸಿಗುವ ಮೂಳೆ ಇದೆಯಲ್ಲ, ಅದರ ಮೇಲೆ ಹಾದುಹೋಗುವ ಪಟ್ಟಿಯನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟಿ. ಪಟ್ಟಿಯ ಉದ್ದಕ್ಕೆ, ಅಂದರೆ ಒಂದು ಬೆರಳು ಮೇಲೆ, ಇನ್ನೊಂದು ಕೆಳಗೆ ಇರುವಂತೆ. ಮಡಿಕೆ ಸಿಕ್ಕರೆ ಇನ್ನೂ ಸಡಿಲ ಇದೆ. ಬೆರಳು ಪಟ್ಟಿಯ ಮೇಲೆ ಸುಮ್ನೆ ಜಾರಿಹೋದರೆ ಸರಿಯಾಗಿದೆ. ಅಂಚಿನಿಂದ ಅಂಚಿಗೆ ಚಿವುಟಬೇಡಿ, ಹಾಗೆ ಮಾಡಿದರೆ ಎಷ್ಟು ಬಿಗಿ ಇದ್ದರೂ ಮಡಿಕೆ ಸಿಗುತ್ತದೆ. ಎಡ ಬಲ ಎರಡೂ ನೋಡಿ. ಕೆಲವು ಪುಸ್ತಕಗಳಲ್ಲಿ ಒಂದು ಬೆರಳು ಚಪ್ಪಟೆಯಾಗಿ ತೂರುವಷ್ಟು ಅಂತ ಬರೆದಿರುತ್ತಾರೆ. ಅದು ಒಂದೇ ಬೆರಳು, ಅಂಗೈ ಅಲ್ಲ.

ಅತಿ ಬಿಗಿ ಅಂತ ಗೊತ್ತಾಗುವುದು ಹೇಗೆ? ಪಟ್ಟಿ ಮಾಂಸದೊಳಗೆ ಕಚ್ಚಿಕೊಂಡಂತೆ ಕಂಡರೆ, ಭುಜ ಕುಗ್ಗಿ ಮೈ ಸೊಟ್ಟಗಾದರೆ ಅತಿಯಾಯ್ತು. ಪಟ್ಟಿ ನೇರ ಗೆರೆಯಂತೆ ಮೈಗೆ ತಾಗಿ, ಎಲ್ಲೂ ಜೋತು ಬೀಳದೆ, ಒತ್ತದೆ ಇದ್ದರೆ ಸಾಕು.

ಅಳುವ ವಿಷಯ. ಬಿಗಿ ಮಾಡಿದಾಗ ಅಳುವ ಮಗುವಿಗೆ ನೋವಾಗುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಪ್ರೀತಿಯಿಂದಲೇ ಸಡಿಲ ಬಿಡುತ್ತೇವೆ. ಬಹಳಷ್ಟು ಸಲ ಅದು ಓಡಾಡಲು ಬಿಡದಿದ್ದಕ್ಕೆ ಬರುವ ಅಳು. ಮೊದಲು ಕಾರಣ ಹುಡುಕಿ: ಪಟ್ಟಿ ತಿರುಚಿ ಅಂಚು ಕುತ್ತಿಗೆಗೆ ಉಜ್ಜುತ್ತಿದೆಯಾ, ಬಕಲ್ ಬಿಸಿಯಾಗಿದೆಯಾ, ಡೈಪರ್ ತುಂಬಿದೆಯಾ, ಮಗು ಬೆಳೆದು ಸ್ಲಾಟು ಕೆಳಗಾಗಿದೆಯಾ. ಇವು ಯಾವುವೂ ಅಲ್ಲ ಅಂದರೆ ಹಾಡು, ಕಿಟಕಿ, ಆಟಿಕೆ ಅಂತ ಸಮಾಧಾನ ಮಾಡಿ, ಬೆಲ್ಟ್ ಮಾತ್ರ ಸಡಿಲಿಸಬೇಡಿ. ಪ್ರತಿ ಪ್ರಯಾಣಕ್ಕೂ ಒಂದೇ ರೀತಿ ಹಾಕಿದರೆ ಮಗು ರೂಢಿ ಮಾಡಿಕೊಳ್ಳುತ್ತದೆ, ಇವತ್ತು ಹಾಕಿ ನಾಳೆ ತೊಡೆ ಮೇಲೆ ಕೂರಿಸಿಕೊಂಡರೆ ಎಂದೂ ರೂಢಿಯಾಗುವುದಿಲ್ಲ. ಮನೆಯಲ್ಲಿ ದೊಡ್ಡವರು "ಪಾಪ, ಎಷ್ಟು ಬಿಗಿ ಮಾಡಿದ್ದೀಯ" ಅಂದರೆ ಜಗಳ ಬೇಡ, ಅವರ ಬೆರಳಿನಿಂದಲೇ ಒಮ್ಮೆ ಚಿವುಟಿಸಿ ತೋರಿಸಿ.

8. ಎದೆಯ ಕ್ಲಿಪ್, ಇದ್ದರೆ ಮಾತ್ರ

ಅಮೆರಿಕ, ಕೆನಡಾದ ಸೀಟುಗಳಲ್ಲಿ ಎದೆಯ ಕ್ಲಿಪ್ ಇರುತ್ತದೆ. ಅದು ಕಂಕುಳಿನ ಮಟ್ಟದಲ್ಲಿ, ಎದೆಯ ನಡುಮೂಳೆಯ ಮೇಲೆ ಇರಬೇಕು. ಭುಜದ ಪಟ್ಟಿಗಳು ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುವುದು ಅದರ ಕೆಲಸ. ಹೊಟ್ಟೆಯ ಮೇಲೆ ಇಳಿದಿದ್ದರೆ ಪಟ್ಟಿ ಭುಜದಿಂದ ಜಾರಬಹುದು, ಕ್ಲಿಪ್ ಹೊಟ್ಟೆಗೇ ಒತ್ತಬಹುದು. ಗಂಟಲ ಹತ್ತಿರ ಇದ್ದರೆ ಅದೂ ಅಪಾಯ. ಯುರೋಪಿನ ನಿಯಮದ ಸೀಟುಗಳಲ್ಲಿ ಸಾಮಾನ್ಯವಾಗಿ ಈ ಕ್ಲಿಪ್ ಇರುವುದೇ ಇಲ್ಲ. ಅಮೆರಿಕದಲ್ಲಿರುವ ಅಕ್ಕನ ಮಗುವಿನ ಸೀಟಿನಲ್ಲಿ ಇದೆ, ನಮ್ಮದರಲ್ಲಿ ಇಲ್ಲ ಅಂತ ಗಾಬರಿಯಾಗಿ ಆನ್‌ಲೈನ್‌ನಲ್ಲಿ ಕೊಂಡು ಹಾಕಬೇಡಿ. ನಿಮ್ಮ ಸೀಟು ಕ್ಲಿಪ್ ಇಲ್ಲದೆಯೇ ಪರೀಕ್ಷೆ ಪಾಸಾಗಿದೆ. ಅದರ ಬದಲು, ಸೀಟಿನ ಜೊತೆಗೇ ಬಂದ, ಒಳಬದಿಯಲ್ಲಿ ಕಪ್ಪು ರಬ್ಬರಿನಂಥ ಹಿಡಿತ ಇರುವ ಎದೆ ಪ್ಯಾಡುಗಳಿದ್ದರೆ ಅವನ್ನು ತೆಗೆಯದೆ, ಎರಡೂ ಸಮವಾಗಿ ಎದೆಯ ಮೇಲೆ ಬರುವಂತೆ ಎಳೆದಿಡಿ.

9. ಮಗು ಬೆಳೆದಂತೆ ಮತ್ತೆ ಅಳೆಯಿರಿ

ತಿಂಗಳಿಗೊಮ್ಮೆ ಸ್ಕೇಲು ಇಟ್ಟು ಭುಜ ನೋಡಿ. ಮುಖ ಹಿಂದಕ್ಕಿರುವ ಮಗುವಿನ ನೆತ್ತಿ ಸೀಟಿನ ಮೇಲಂಚಿಗಿಂತ ಕಡೇಪಕ್ಷ 2.5 ಸೆಂಟಿಮೀಟರ್ ಕೆಳಗಿರಬೇಕು, ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದರಂತೆ. ಮುಂದಕ್ಕೆ ಮುಖ ಇರುವ ಮಗುವಿನ ಭುಜ ಎಲ್ಲಕ್ಕಿಂತ ಮೇಲಿನ ಸ್ಲಾಟನ್ನು ದಾಟಿದರೆ, ಅಥವಾ ಕಿವಿಯ ತುದಿ ಸೀಟಿನ ಮೇಲಂಚು ಮುಟ್ಟಿದರೆ, ಅಥವಾ ತೂಕದ ಮಿತಿ ಮೀರಿದರೆ, ಆ ಹಾರ್ನೆಸ್‌ನ ಕಾಲ ಮುಗಿಯಿತು. ಅಲ್ಲಿಯ ತನಕ ಬೂಸ್ಟರ್‌ಗೆ, ಅಂದರೆ ಕಾರಿನ ಬೆಲ್ಟನ್ನೇ ಬಳಸುವ ಎತ್ತರದ ಸೀಟಿಗೆ ಅವಸರ ಮಾಡಬೇಡಿ.

ಮತ್ತೆ ಮತ್ತೆ ಬರುವ ಉಳಿದ ಪ್ರಶ್ನೆಗಳು

ಮಗು ಕೈ ಹೊರಗೆ ತೆಗೆದುಕೊಳ್ಳುತ್ತೆ. ಹತ್ತರಲ್ಲಿ ಒಂಬತ್ತು ಸಲ ಪಟ್ಟಿ ಸಡಿಲ ಇರುತ್ತದೆ, ಇಲ್ಲವೇ ಸ್ಲಾಟಿನ ಎತ್ತರ ತಪ್ಪಿರುತ್ತದೆ. 3, 6, 7ನೇ ಹಂತ ಮತ್ತೆ ಮಾಡಿ. ಕೈ ತೆಗೆದ ಕೂಡಲೇ ಕಾರು ಪಕ್ಕಕ್ಕೆ ನಿಲ್ಲಿಸಿ, ಮತ್ತೆ ಹಾಕಿ, ಆಮೇಲೆ ಹೊರಡಿ. ದಾರದಲ್ಲಿ, ದುಪಟ್ಟಾದಲ್ಲಿ ಎರಡೂ ಪಟ್ಟಿ ಸೇರಿಸಿ ಕಟ್ಟುವುದನ್ನು ನೋಡಿದ್ದೇನೆ. ಅದು ಕುತ್ತಿಗೆಗೆ ಸಿಕ್ಕಿಕೊಳ್ಳಬಹುದು, ತುರ್ತಿನಲ್ಲಿ ಬಿಚ್ಚಲೂ ಆಗುವುದಿಲ್ಲ.

ಹಾಲು ಕುಡಿಸಲು ಐದು ನಿಮಿಷ ತೆಗೆದರೆ? ಕಾರು ನಿಲ್ಲಿಸಿ ತೆಗೆಯಿರಿ. ಓಡುವ ಕಾರಿನಲ್ಲಿ ಬೇಡ. ಬೆಂಗಳೂರಿನಿಂದ ಹುಬ್ಬಳ್ಳಿಯಂಥ ದೂರದ ಊರಿಗಾದರೆ ತುಮಕೂರು, ಚಿತ್ರದುರ್ಗ, ದಾವಣಗೆರೆ ಹೀಗೆ ಮೊದಲೇ ಯೋಚಿಸಿಟ್ಟುಕೊಂಡು, ಎರಡು ಗಂಟೆ ಆಗುವುದರೊಳಗೆ ಒಮ್ಮೆ ಇಳಿಸಿ ಆಡಿಸಿ. ಹಸುಗೂಸಾದರೆ ಇನ್ನೂ ಬೇಗ.

ಮಗು ನಿದ್ದೆ ಹೋಗಿದೆ, ಸೀಟು ಸಮೇತ ಮನೆಯೊಳಗೆ ತಂದಿಟ್ಟರೆ? ಎತ್ತಿ ಹಾಸಿಗೆಯಲ್ಲಿ ಮಲಗಿಸಿ. ಎದ್ದರೂ ಪರವಾಗಿಲ್ಲ. ಸೀಟಿನಲ್ಲೇ ಬಿಟ್ಟು, ಆರಾಮಾಗಲಿ ಅಂತ ಬೆಲ್ಟ್ ಸಡಿಲ ಮಾಡುವುದು ಅತ್ಯಂತ ಅಪಾಯ. ಮಗು ಕೆಳಗೆ ಜಾರಿ ಪಟ್ಟಿ ಕುತ್ತಿಗೆಗೆ ಸಿಕ್ಕಿಕೊಳ್ಳಬಹುದು.

ಬಿಸಿಲಲ್ಲಿ ನಿಲ್ಲಿಸಿದ ಕಾರು. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಬಕಲ್‌ನ ಲೋಹ ಚರ್ಮ ಸುಡುವಷ್ಟು ಕಾಯುತ್ತದೆ. ಕಾರು ನಿಲ್ಲಿಸಿ ಇಳಿಯುವಾಗ ಸೀಟಿನ ಮೇಲೆ ಬಿಳಿ ಪಂಚೆಯನ್ನೋ ಟವೆಲನ್ನೋ ಹೊದಿಸಿ, ಕೂರಿಸುವ ಮೊದಲು ಬಕಲ್ಲನ್ನು ನಿಮ್ಮ ಮುಂಗೈಗೆ ತಾಗಿಸಿ ನೋಡಿ.

ವಾಂತಿಯಾಗಿದೆ, ಪಟ್ಟಿ ತೊಳೆಯೋದು ಹೇಗೆ? ಒದ್ದೆ ಬಟ್ಟೆಗೆ ಮೃದು ಸೋಪು ಹಚ್ಚಿ ಒರೆಸಿ, ನೆರಳಲ್ಲಿ ಒಣಗಿಸಿ. ನೆನೆಹಾಕುವುದು, ವಾಷಿಂಗ್ ಮೆಷೀನಿಗೆ ಹಾಕುವುದು, ಬ್ಲೀಚು, ಇಸ್ತ್ರಿ, ಯಾವುದೂ ಬೇಡ, ನೇಯ್ಗೆಯ ಬಲ ಹೋಗುತ್ತದೆ. ಬಟ್ಟೆಯ ಕವರಿಗೆ ಬೇರೆ ನಿಯಮ, ಅದರ ಚೀಟಿ ನೋಡಿ.

ಬಕಲ್ ಗಟ್ಟಿಯಾಗಿದೆ. ಮಗು ತಾನೇ ಒತ್ತಿ ಬಿಚ್ಚದಿರಲಿ ಅಂತ ಗುಂಡಿಯನ್ನು ಗಟ್ಟಿಯಾಗಿಯೇ ಮಾಡಿರುತ್ತಾರೆ. ಆದರೆ ಕ್ಲಿಕ್ ಅನ್ನುವುದೇ ನಿಂತಿದ್ದರೆ ಒಳಗೆ ಬಿಸ್ಕತ್ತಿನ ಪುಡಿಯೋ ಮಂಡಕ್ಕಿಯೋ ಸಿಕ್ಕಿರುತ್ತದೆ. ತಲೆಕೆಳಗೆ ಮಾಡಿ ತಟ್ಟಿ ಉದುರಿಸಿ. ಬಕಲ್ಲನ್ನು ಬೆಚ್ಚಗಿನ ನೀರಲ್ಲಿ ತೊಳೆಯಬಹುದು ಅಂತ ಪುಸ್ತಕದಲ್ಲಿದ್ದರೆ ತೊಳೆದು ಪೂರ್ತಿ ಒಣಗಿಸಿ. ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಮೆತ್ತಿಕೊಂಡು ಒಳಗಿನ ಸ್ಪ್ರಿಂಗು ಇನ್ನಷ್ಟು ಹಿಡಿದುಕೊಳ್ಳುತ್ತದೆ.

ಯಾರೋ ಬಳಸಿದ ಸೀಟು ಕೊಡ್ತಾರೆ, ತಗೊಳ್ಳಬಹುದಾ? ಅಪಘಾತ ಆಗಿಲ್ಲ ಅಂತ ನಂಬಬಹುದಾದ ನಿಮ್ಮವರೇ ಕೊಡುತ್ತಿದ್ದರೆ, ಪ್ಲಾಸ್ಟಿಕ್‌ನ ಮೇಲೆ ಅಚ್ಚಾಗಿರುವ ಅವಧಿ ಮುಗಿದಿಲ್ಲದಿದ್ದರೆ, ಪಟ್ಟಿಯ ಅಂಚು ನೂಲು ಬಿಟ್ಟಿಲ್ಲದಿದ್ದರೆ, ಪುಸ್ತಕ ಸಿಕ್ಕರೆ, ತಗೊಳ್ಳಿ. ಇದರಲ್ಲಿ ಒಂದು ತಪ್ಪಿದರೂ ಬೇಡ.

ಕ್ಯಾಬ್‌ನಲ್ಲಿ ಹೋಗುವಾಗ? ಕಾರಿನ ಬೆಲ್ಟಿನಿಂದ ಕಟ್ಟಬಹುದಾದ ಹಗುರ ಸೀಟಾದರೆ ಜೊತೆಗೆ ಒಯ್ಯಿರಿ. ಬುಕ್ ಮಾಡಿದ ಕೂಡಲೇ ಚಾಲಕರಿಗೆ ಫೋನ್ ಮಾಡಿ, "ಅಣ್ಣಾ, ಹಿಂದಿನ ಸೀಟಿನ ಬೆಲ್ಟು ಬಕಲ್ಲು ಎರಡೂ ಮೇಲಿವೆಯಾ, ಮಗುವಿನ ಸೀಟ್ ಕಟ್ಟಬೇಕು, ಐದು ನಿಮಿಷ ಬೇಕಾಗುತ್ತೆ" ಅಂತ ಮೊದಲೇ ಹೇಳಿ. ಬಹಳಷ್ಟು ಕಾರುಗಳಲ್ಲಿ ಬಕಲ್ ಸೀಟ್ ಕವರಿನ ಕೆಳಗೇ ಇರುತ್ತದೆ, ಅವರು ಬರುವಷ್ಟರಲ್ಲಿ ತೆಗೆದಿಟ್ಟಿರುತ್ತಾರೆ. ಮೊದಲು ಸೀಟು ಕಟ್ಟಿ, ಅಲುಗಿಸಿ ನೋಡಿ, ಆಮೇಲೆ ಮಗುವನ್ನು ಕೂರಿಸಿ ಚಿವುಟಿ ನೋಡಿ, ಕೊನೆಗೆ ಒಟಿಪಿ ಹೇಳಿ.